ಪಾರ್ಟು ಹೊಸದು, ಗಾಳಿ ಬಿಸಿ: ಒಂದು ಪಿಕಪ್ ಎಸಿಯ ಕಥೆ

“ಅಣ್ಣಾ, ಕಂಪ್ರೆಸರ್ ಹೊಸಾದ ಹಾಕ್ಸೇನಿ, ಕಂಡೆನ್ಸರೂ ಹೊಸಾದ. ರೊಕ್ಕ ಎಲ್ಲಾ ಹೋತು, ತಂಪು ಮಾತ್ರ ಬರವಲ್ದು ನೋಡು.”

ಏಪ್ರಿಲ್‌ನ ಒಂದು ಮಧ್ಯಾಹ್ನ ನಮ್ಮ ಕಾಕಾನ ಮಗನ ಫೋನು. ರೋಣ, ನರಗುಂದ, ಗಜೇಂದ್ರಗಡದ ನಡುವೆ ಪಿಕಪ್ ಓಡಿಸ್ತಾನೆ. ಉಳ್ಳಾಗಡ್ಡಿ, ಹೆಸರು, ಗೊಬ್ಬರ, ಸಿಕ್ಕ ಬಾಡಿಗೆ. ಮೂರೂ ಊರಿನ ಗ್ಯಾರೇಜು ಸುತ್ತಿದ್ದ. ಒಬ್ಬರು ಗ್ಯಾಸ್ ತುಂಬಿದರು, ಒಬ್ಬರು ಕಂಪ್ರೆಸರ್ ಬದಲಿಸಿದರು, ಇನ್ನೊಬ್ಬರು ಕಂಡೆನ್ಸರ್. ಯಾರೂ ಗೇಜ್ ಹಚ್ಚಿ ನೋಡಿರಲಿಲ್ಲ.

ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಮನೆಯವರು ಕೊಡುವ ಕೆಲಸ ಇದೇ. ಸರಿ, ಅರ್ಥ ಮಾಡಿಕೊಳ್ಳೋಣ.

ಎಸಿ ತಂಪನ್ನು ತಯಾರಿಸುವುದಿಲ್ಲ, ಕ್ಯಾಬಿನ್ನಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಒಳಗಿನ ಇವಾಪೊರೇಟರ್‌ನಲ್ಲಿ ಗ್ಯಾಸ್ ಬಿಸಿ ಹೀರುತ್ತೆ, ಕಂಪ್ರೆಸರ್ ಅದನ್ನು ಒತ್ತುತ್ತೆ, ಮುಂದಿರುವ ಕಂಡೆನ್ಸರ್ ಆ ಬಿಸಿಯನ್ನು ಗಾಳಿಗೆ ಬಿಡುತ್ತೆ. ಹಾಗಾಗಿ ಗೇಜಿನ ಎರಡು ಮುಳ್ಳುಗಳೇ ಅರ್ಧ ಉತ್ತರ. ಎರಡೂ ಕಡೆ ಒತ್ತಡ ಕಡಿಮೆಯಿದ್ದರೆ ಬಹುತೇಕ ಗ್ಯಾಸ್ ಸೋರಿದೆ. ಕೆಳಗಿನದು ಹೆಚ್ಚು, ಮೇಲಿನದು ಕಡಿಮೆ ಇದ್ದರೆ ಕಂಪ್ರೆಸರ್ ಸೋತಿದೆ. ಎರಡೂ ಹೆಚ್ಚಿದ್ದರೆ ಗ್ಯಾಸ್ ಜಾಸ್ತಿಯಾಗಿದೆ, ಒಳಗೆ ಗಾಳಿ ಸೇರಿದೆ, ಇಲ್ಲವೇ ಕಂಡೆನ್ಸರಿನ ಬಿಸಿ ಹೊರಗೆ ಹೋಗುತ್ತಿಲ್ಲ.

“ನಿಂತಾಗ ಬಿಸಿಯೋ, ಓಡುವಾಗಲೂ ಬಿಸಿಯೋ?” ಕೇಳಿದೆ.

“ಹೈವೇದಾಗ ಚಲೋ ಬರ್ತತಿ. ಸಂತ್ಯಾಗ ನಿಂತ್ರ ಬಿಸಿ.”

ಗಾಡಿ ಸ್ಟಾರ್ಟಿನಲ್ಲಿಟ್ಟು ಕಂಡೆನ್ಸರ್ ಮೇಲೆ ಒಂದು ಕೊಡ ನೀರು ಸುರಿ ಅಂದೆ. ಸುರಿದ, ಸ್ವಲ್ಪ ಹೊತ್ತು ತಂಪು ಬಂತು. ಅಂದರೆ ಕಂಡೆನ್ಸರಿಗೆ ಗಾಳಿಯೇ ಸಾಲುತ್ತಿಲ್ಲ. ನೋಡಿದರೆ ಅದರ ಫ್ಯಾನ್ ತಿರುಗುತ್ತಲೇ ಇಲ್ಲ, ರಿಲೇ ಸುಟ್ಟಿತ್ತು. ಬೆರಳುದ್ದದ ಪಾರ್ಟು! ಬದಲಿಸಿದ ಮೇಲೆ ಸಂತೆಯಲ್ಲೂ ತಂಪು.

ಪಾರ್ಟು ಬದಲಿಸಲೇಬೇಕಾದರೆ ಮೂರು ಮಾತು ಕೇಳಿ: ಡ್ರೈಯರ್ ಹೊಸದು ಹಾಕಿದಿರಾ? ಪಂಪು ಹಚ್ಚಿ ವ್ಯಾಕ್ಯೂಮ್ ಮಾಡಿದಿರಾ? ಗ್ಯಾಸನ್ನು ಅಂದಾಜಿಗೆ ತುಂಬಿದಿರಾ, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿರುವ ತೂಕಕ್ಕೋ? ಹಳೇ ಗ್ಯಾಸನ್ನು ಗಾಳಿಗೆ ಬಿಡುವುದೂ ಸಣ್ಣ ವಿಷಯವಲ್ಲ. ಆರ್-134ಎ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು. ಇಂಥ ಅನಿಲಗಳ ಬಳಕೆ ಇಳಿಸುವ 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ಇನ್ನು ರಾಜಕೀಯ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್2, ಎನ್3 ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಒಳ್ಳೆಯ ನಿಯಮ. ಆದರೆ ಅದು 3.5 ಟನ್ ಮೀರಿದ ಗಾಡಿಗಳಿಗೆ. ಎನ್1 ವರ್ಗದ ಪಿಕಪ್ ಅದರ ಹೊರಗೆ. ಉಳ್ಳಾಗಡ್ಡಿ ಮಾರುಕಟ್ಟೆಯಲ್ಲಿ ಸರದಿಗೆ ಕಾಯುವ ಡ್ರೈವರಿಗೆ ಸೆಕೆ ತೂಕ ನೋಡಿ ಆಗುತ್ತಾ?

ಎಸಿ ಕೊಡಿ ಅನ್ನುವುದರ ಜೊತೆಗೆ, ಅದನ್ನು ರಿಪೇರಿ ಮಾಡುವ ತರಬೇತಿ, ಗೇಜು, ವ್ಯಾಕ್ಯೂಮ್ ಪಂಪು ತಾಲ್ಲೂಕಿನ ಗ್ಯಾರೇಜಿಗೂ ಸಿಗಲಿ ಅಂತ ನಾವು ಕೇಳಬೇಕು. ಮೆಕ್ಯಾನಿಕ್ಕನ್ನು ಬೈದರೆ ಮುಗಿಯಲ್ಲ. ಅಳೆಯುವ ಸಾಧನವೇ ಇಲ್ಲದವನು ಊಹಿಸುತ್ತಾನೆ. ಆ ಊಹೆಯ ಬಿಲ್ಲು ಮಾತ್ರ ಡ್ರೈವರಿನದು.