ತೆರೆಯ ಮೇಲಿನ ವಿಭೂತಿ ಕಾಗದಕ್ಕೆ ಇಳಿಯಬೇಕಾದರೆ

ಲಿಂಗೈಕ್ಯರಾದ ಹಿರಿಯರ ಭಾವಚಿತ್ರವನ್ನು ಸ್ಮರಣೋತ್ಸವಕ್ಕೆಂದು ಹೊಸದಾಗಿ ಮುದ್ರಿಸಿಕೊಳ್ಳುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಬೀದರ, ಭಾಲ್ಕಿ, ಔರಾದ ಭಾಗದ ಹಳೆಯ ಮನೆಗಳಲ್ಲಿ ತೂಗುವ ಕಪ್ಪು-ಬಿಳುಪು ಚಿತ್ರಗಳಲ್ಲಿ ಎಷ್ಟೋ ಒಂದೇ ಪ್ರತಿಯವು, ನೆಗೆಟಿವ್ ಉಳಿದಿಲ್ಲ. ಈಗ ಅವನ್ನು ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿನಲ್ಲಿ ತಿದ್ದುವ ಕಾರ್ಯವನ್ನು ಮನೆಯ ಮಕ್ಕಳೇ ವಹಿಸಿಕೊಳ್ಳುತ್ತಿದ್ದಾರೆ. ಅದು ಸಂತೋಷದ ಸಂಗತಿಯೇ ಸರಿ.

ಕೊಳಾರದ ನಮ್ಮ ಮನೆಯಲ್ಲಿಯೂ ಅಜ್ಜಿಯವರ ಚಿತ್ರ ಹೀಗೆಯೇ ಸಿದ್ಧವಾಯಿತು. ತೆರೆಯ ಮೇಲೆ ಹಣೆಯ ವಿಭೂತಿ ಬೆಳ್ಳಗೆ ಶೋಭಿಸುತ್ತಿತ್ತು, ಎದೆಯ ಮೇಲಿನ ಕರಡಿಗೆ ಸ್ಪಷ್ಟವಾಗಿತ್ತು. ಮುದ್ರಣಗೊಂಡು ಬಂದಾಗ ಮುಖ ಮಸಿ ಬಳಿದಂತಿತ್ತು. ಕರಡಿಗೆ ಸೀರೆಯ ನೆರಳಿನಲ್ಲಿ ಅಡಗಿಹೋಗಿತ್ತು. ಮುದ್ರಕರನ್ನು ದೂರಿದೆವು. ದೋಷ ಇದ್ದದ್ದು ನಮ್ಮ ತೆರೆಯಲ್ಲಿ.

ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕನ್ನು ಅದು ಹಿಂದಿರುಗಿಸುತ್ತದೆ, ಅಷ್ಟೆ. ತೆರೆಯಾದರೋ ತಾನೇ ಬೆಳಗುತ್ತದೆ. ಮುದ್ರಣದ ಕೆಲಸಕ್ಕೆ ತೆರೆಯ ಬಿಳಿಯು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದಷ್ಟಿದ್ದರೆ ಸಾಕೆಂಬುದು ಬಲ್ಲವರ ರೂಢಿ. ಅನೇಕ ಲ್ಯಾಪ್‌ಟಾಪುಗಳು ಪೂರ್ಣ ಬೆಳಕಿನಲ್ಲಿ 250ನ್ನು ಮೀರುತ್ತವೆ. ಅಂತಹ ತೆರೆಯಲ್ಲಿ ಕತ್ತಲೆಯ ಚಿತ್ರವೂ ಹಗಲಿನಂತೆ ಕಾಣುವುದರಿಂದ ತಿದ್ದುವ ಕೈ ಅಲ್ಲಿಗೇ ನಿಂತುಬಿಡುತ್ತದೆ. ಆದ್ದರಿಂದ ಮೊದಲು ಬೆಳಕನ್ನು ತಗ್ಗಿಸಬೇಕು. ತೆರೆಯ ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನು ಹಿಡಿದು, ಎರಡೂ ಹೆಚ್ಚುಕಡಿಮೆ ಸಮನಾಗಿ ಕಾಣುವವರೆಗೆ ಇಳಿಸುವುದು ಖರ್ಚಿಲ್ಲದ ಉಪಾಯ. ಬೆಳಕನ್ನು ತಾನಾಗಿಯೇ ಏರಿಳಿಸುವ ಏರ್ಪಾಡನ್ನೂ, ರಾತ್ರಿ ತೆರೆಯನ್ನು ಹಳದಿಯಾಗಿಸುವ 'ನೈಟ್ ಲೈಟ್' ಸೌಕರ್ಯವನ್ನೂ ನಿಲ್ಲಿಸಿರಬೇಕು. ತೆರೆಯನ್ನು ಅರ್ಧ ಗಂಟೆ ಚಾಲನೆಯಲ್ಲಿಟ್ಟು, ನೇರವಾಗಿ ಎದುರು ಕುಳಿತು ನೋಡಬೇಕು. ಅಗ್ಗದ ತೆರೆಗಳು ಸ್ವಲ್ಪ ವಾಲಿದರೂ ಬಣ್ಣ ಬದಲಿಸುತ್ತವೆ.

ಅನಂತರ ಹೊಂದಾಣಿಕೆ. 2009ರಲ್ಲಿ ಬಂದ ವಿಂಡೋಸ್ 7ರಿಂದೀಚೆಗೆ 'ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್' ಎಂಬ ಸಾಧನ ಗಣಕದಲ್ಲಿಯೇ ಇದೆ. ಅದು ಗಾಮಾವನ್ನು, ಅಂದರೆ ಕಪ್ಪಿನಿಂದ ಬಿಳಿಯವರೆಗಿನ ನಡುಛಾಯೆಗಳು ಏರುವ ಕ್ರಮವನ್ನು, ಕಣ್ಣಳತೆಯಿಂದ ಸರಿಪಡಿಸಲು ಕೇಳುತ್ತದೆ. ಗಾಮಾ 2.2, ಬಿಳಿಯ ಛಾಯೆ 6500 ಕೆಲ್ವಿನ್ ಎಂಬುದು ಸಾಮಾನ್ಯ ಗುರಿ. ಕಪ್ಪು-ಬಿಳುಪು ಚಿತ್ರಕ್ಕೆ ಇದೆಲ್ಲ ಏಕೆಂದು ಕೇಳಬೇಡಿ. ತೆರೆಯು ನೀಲಿಗೋ ಕೆಂಪಿಗೋ ವಾಲಿದ್ದರೆ ಬೂದುಬಣ್ಣವೇ ಅದನ್ನು ಮೊದಲು ಹೇಳುತ್ತದೆ. ಆದರೆ ಕಣ್ಣು ಬೇಗ ಹೊಂದಿಕೊಳ್ಳುವ ಅವಯವ, ಅದರ ಸಾಕ್ಷ್ಯ ಪೂರ್ತಿ ನಂಬತಕ್ಕದ್ದಲ್ಲ. ತೆರೆಗೆ ಅಂಟಿಕೊಂಡು ಕುಳಿತು ಬಣ್ಣಗಳನ್ನು ಅಳೆಯುವ ಕಲರಿಮೀಟರ್ ಎಂಬ ಚಿಕ್ಕ ಉಪಕರಣವಿದೆ. ಅದು ಆ ತೆರೆಯ ಸ್ವಭಾವವನ್ನು 'ಪ್ರೊಫೈಲ್' ಎಂಬ ಕಡತದಲ್ಲಿ ಬರೆದಿಡುತ್ತದೆ. ಇಂಥ ಕಡತಗಳಿಗೆ ಒಂದೇ ಪದ್ಧತಿ ಇರಲೆಂದು 1993ರಲ್ಲಿ ಎಂಟು ಕಂಪನಿಗಳು ಕೂಡಿ ಐಸಿಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವು. ಒಂದೇ ಚಿತ್ರಕ್ಕಾಗಿ ಉಪಕರಣ ಕೊಳ್ಳುವುದು ದುಂದುಗಾರಿಕೆ. ಛಾಯಾಚಿತ್ರವೇ ಜೀವನೋಪಾಯವಾದವರಿಗೆ ಅದು ಬೇಕು.

ಮಠದ ಸಮಾರಂಭಗಳ ವರ್ಣಚಿತ್ರಗಳಲ್ಲಿ ಕಾವಿಯದು ಬೇರೆಯೇ ತೊಡಕು. ತೆರೆಯು ಕೆಂಪು, ಹಸಿರು, ನೀಲಿ ಬೆಳಕುಗಳಿಂದ ತೋರುವ ಉಜ್ವಲ ಕಾವಿಯನ್ನು ಆಫ್‌ಸೆಟ್ ಮುದ್ರಣದ ನಾಲ್ಕು ಶಾಯಿಗಳು ಮುಟ್ಟಲಾರವು. ಅದು ಮಂಕಾಗಿಯೇ ಬರುತ್ತದೆ. ಮುದ್ರಣಾಲಯದ ಪ್ರೊಫೈಲನ್ನು ಕೇಳಿ ಪಡೆದರೆ ಆ ಮಂಕನ್ನು ತೆರೆಯ ಮೇಲೆ ಮುಂಚಿತವಾಗಿಯೇ ನೋಡಬಹುದು.

ಇನ್ನೊಂದು ಮಾತನ್ನು ತುಸು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಚಿತ್ರ ಕಪ್ಪಾಗಿ ಬಂತೆಂದು ಹಲವರು ಹಿರಿಯರ ಮುಖವನ್ನೇ ಬಿಳಿಚಿಸಿಬಿಡುತ್ತಾರೆ. ನಮ್ಮ ಬಿದರಿ ಕಲೆಯನ್ನು ನೋಡಿರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ದ್ರವದಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಬೆಳ್ಳಿ ಅಷ್ಟು ಹೊಳೆಯುವುದು ಪಕ್ಕದ ಕಪ್ಪಿನಿಂದ. ಹೊಲದಲ್ಲಿ ದುಡಿದ ಅಜ್ಜಿಯವರದು ಕಪ್ಪು ಮೈಬಣ್ಣ. ಅದನ್ನು ಬೆಳ್ಳಗೆ ಮಾಡಿದ ಪ್ರತಿಯಲ್ಲಿ ವಿಭೂತಿಯೇ ಕಾಣದಾಯಿತು.

ತೆರೆಯನ್ನು ಸರಿಪಡಿಸಿಕೊಂಡ ಮೇಲೆ ಮುಖದ ಬಣ್ಣವನ್ನು ಮುಟ್ಟಲಿಲ್ಲ, ನೆರಳುಗಳನ್ನು ಮಾತ್ರ ತುಸು ಎತ್ತಿದೆವು. ದೊಡ್ಡ ಪ್ರತಿಗೆ ಮೊದಲು ಅದೇ ಕಾಗದದ ಮೇಲೆ ಅಂಗೈಯಗಲದ ಮಾದರಿಗಳನ್ನು ತೆಗೆಸಿ, ಹಗಲು ಕಿಟಕಿಯ ಬಳಿ ಮೂಲಚಿತ್ರದ ಪಕ್ಕದಲ್ಲಿಟ್ಟು ನೋಡಿದೆವು. ಮೂರನೆಯ ಮಾದರಿಯಲ್ಲಿ ಕರಡಿಗೆಯೂ ಅದರ ಶಿವದಾರವೂ ಕಂಡವು. ದೊಡ್ಡ ಪ್ರತಿಯನ್ನು ಅಂದೇ ಮುದ್ರಣಕ್ಕೆ ಕೊಟ್ಟೆವು.