ಹಾಡಿಗೊಪ್ಪುವ ಗಿಟಾರು

ರಾಂಜಣಗಾವ್ ಕಾರ್ಖಾನೆಗಳ ಕೆಲಸಕ್ಕೆಂದು ಶಿರೂರಿಗೆ ಬಂದ ನಮ್ಮಂಥವರ ಮಕ್ಕಳಿಗೆ ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಅಕ್ಷರ ಬಾರದ ಮಗುವಿನ ಬಾಯಲ್ಲೂ ಕನ್ನಡ ಉಳಿಸುವುದು ಹಾಡು. ಆದರೆ ಈಗಿನ ಮಕ್ಕಳಿಗೆ ಹಾರ್ಮೋನಿಯಂ ಬೇಡ, ಗಿಟಾರೇ ಬೇಕು. ಇರಲಿ ಬಿಡಿ! ಇಳಯರಾಜ ಅವರೂ 1976ರಲ್ಲಿ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ನಮ್ಮ ಜಿ.ಕೆ. ವೆಂಕಟೇಶರ ಬಳಿ ಗಿಟಾರ್ ನುಡಿಸಿದವರೇ.

ತೊಂದರೆ ಇರುವುದು ಬೇರೆಡೆ. ಕ್ಲಾಸಿನಲ್ಲಿ ಕಲಿತ ಮೂರು ಕಾರ್ಡುಗಳನ್ನೇ ಎಲ್ಲ ಹಾಡಿಗೂ ಹಚ್ಚಿದರೆ ರಾಗ ಕೆಡುತ್ತದೆ. ಕಾರ್ಡ್ ಎಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು, ಸಾಮಾನ್ಯವಾಗಿ ಮೂರು. ನಮ್ಮ ರಾಗಗಳಾದರೋ ತಂಬೂರಿಯ ಶ್ರುತಿಯ ಮೇಲೆ ಒಂದೊಂದೇ ಸ್ವರವಾಗಿ ನಡೆಯುವಂಥವು. ಹಾಗಾಗಿ ಒಪ್ಪುವ ಕಾರ್ಡನ್ನು ನಾವೇ ಹುಡುಕಬೇಕು. ಮಗಳ ಗಿಟಾರಿನ ಪಕ್ಕ ಕುಳಿತು ಕಂಡುಕೊಂಡ ದಾರಿಯನ್ನು ಹೇಳುತ್ತೇನೆ.

ಮೋಹನ ರಾಗವನ್ನೇ ತೆಗೆದುಕೊಳ್ಳಿ. ಇದೇ ಸ್ವರಗಳ ರಾಗವನ್ನು ಇಲ್ಲಿಯವರು ಭೂಪ ಎನ್ನುತ್ತಾರೆ. ಸ ರಿ ಗ ಪ ದ, ಐದೇ ಸ್ವರ. ಮ, ನಿ ಇಲ್ಲ. ಹಾಡು ಎಲ್ಲಿ ಬಂದು ನೆಮ್ಮದಿಯಾಗಿ ನಿಲ್ಲುತ್ತದೋ ಅದು ಷಡ್ಜ. ಅದನ್ನು ಸಿ ಎಂದಿಟ್ಟುಕೊಂಡರೆ, ಸಿ ಮೇಜರ್ ಕಾರ್ಡಿನಲ್ಲಿ ಸ ಗ ಪ, ಎ ಮೈನರಿನಲ್ಲಿ ದ ಸ ಗ. ಎರಡೂ ಮೋಹನದ ಮನೆಯವೇ. ಎಫ್ ಮೇಜರ್ ಮ ತರುತ್ತದೆ, ಜಿ ಮೇಜರ್ ನಿ ತರುತ್ತದೆ. ಇವರಿಬ್ಬರೂ ಕರೆಯದೆ ಬಂದ ನೆಂಟರು.

ಈಗ ತಾಳ ಹಾಕುತ್ತ ಹಾಡಿ, ಪ್ರತಿ ಆವರ್ತನದ ಮೊದಲ ಪೆಟ್ಟಿಗೆ ಯಾವ ಸ್ವರ ಬೀಳುತ್ತದೆ ನೋಡಿ. ಪ ಬಿದ್ದರೆ ಸಿ ಮೇಜರ್, ದ ಬಿದ್ದರೆ ಎ ಮೈನರ್. ಸ, ಗ ಎರಡರಲ್ಲೂ ಇವೆ. ಎರಡನ್ನೂ ನುಡಿಸಿ ಕಿವಿಯನ್ನೇ ಕೇಳಿ. ರಿ ಮೇಲೆ ನಿಂತಾಗ ಎರಡೂ ಒಗ್ಗವು. ಆಗ ಗಿಟಾರಿನ ನಡುವಿನ ಎರಡು ತಂತಿಗಳನ್ನು ಬೆರಳಿಡದೆ ಮೀಟಿದರಾಯಿತು: ರಿ, ಪ ಸಿಗುತ್ತವೆ. ಗಮಕ ಬಂದಲ್ಲಿ ಕಾರ್ಡ್ ಬದಲಿಸದೆ ಸುಮ್ಮನಿದ್ದರೇ ಚೆಂದ. ಹಾಡುವವರ ಶ್ರುತಿ ಡಿ ಇದ್ದರೆ ಎರಡನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ ಇದೇ ಬೆರಳುಗಳಲ್ಲಿ ನುಡಿಸಬಹುದು. ವಾದ್ಯ ಕಂಠಕ್ಕೆ ಹೊಂದಬೇಕು, ಕಂಠ ವಾದ್ಯಕ್ಕಲ್ಲ.

ತಾಯಂದಿರೇ, ಇದಕ್ಕೆ ನಮಗೆ ಗಿಟಾರ್ ಬರಬೇಕಿಲ್ಲ. ಸರಿಯಾಗಿ ಗುನುಗಲು ಬಂದರೆ ಸಾಕು. ಒಂದು ಕಾರ್ಡ್ ಹುಡುಕಲು ಮಗು ಅದೇ ಸಾಲನ್ನು ಹತ್ತು ಸಲ ಹಾಡಬೇಕಾಗುತ್ತದೆ, ನಡುವೆ ಮಾತಿನ ಅರ್ಥವನ್ನೂ ಕೇಳುತ್ತದೆ. ಹಾಗೆ ಕಲಿತ ಕನ್ನಡ ಬೇಗ ಮರೆಯುವಂಥದ್ದಲ್ಲ.