ತೋಳಿನ ಪಟ್ಟಿ ಹೇಳುವ ಮಾತು

ತುಂಗಭದ್ರೆಯ ಉತ್ತರ ದಡದಲ್ಲಿ, ಹಂಪೆಗೆ ಇದಿರಾಗಿ ಆನೆಗೊಂದಿಯಿದೆ. ಸುತ್ತಲೂ ಬತ್ತದ ಗದ್ದೆಗಳು. ಇಂಥ ನಾಡಿನಲ್ಲಿ ಮಕ್ಕಳು ಸೊರಗಲಾರರೆಂದು ನಾವು ಭಾವಿಸುವುದು ಸಹಜ. ಆದರೆ ಅನ್ನವೊಂದರಿಂದಲೇ ಪೋಷಣೆ ಸಾಗದು. ಬೇಳೆ, ಹಾಲು, ಮೊಟ್ಟೆ, ಸೊಪ್ಪುಗಳೂ ಬೇಕು. ಮೇಲಿಂದ ಮೇಲೆ ಬರುವ ಭೇದಿಯು ಉಂಡದ್ದನ್ನೂ ಮೈಗೆ ಹತ್ತಗೊಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ.

ಸೊರಗಿದ ಮಗುವನ್ನು ಗುರುತಿಸುವ ಉಪಕರಣ ಬಹು ಸರಳವಾದುದು: ಬಣ್ಣದ ಒಂದು ಪಟ್ಟಿ. ಆರು ತಿಂಗಳಿನಿಂದ ಐದು ವರ್ಷದವರೆಗೆ ಆರೋಗ್ಯವಂತ ಮಗುವಿನ ಮೇಲ್ದೋಳಿನ ಸುತ್ತಳತೆ ಹೆಚ್ಚಾಗಿ ಬದಲಾಗುವುದಿಲ್ಲ. ಆಹಾರ ಸಾಲದಾದಾಗ ದೇಹವು ತನ್ನ ಕೊಬ್ಬನ್ನೂ ಸ್ನಾಯುವನ್ನೂ ವ್ಯಯಿಸುವುದರಿಂದ ತೋಳು ತೆಳುವಾಗುತ್ತದೆ. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ; 11.5ರಿಂದ 12.5ರೊಳಗಿದ್ದರೆ ಮಧ್ಯಮ.

ಆದರೆ ಅಳತೆಯೇ ಔಷಧವಲ್ಲ. ತೀವ್ರವಾಗಿ ಸೊರಗಿ, ಜ್ವರದಿಂದ ನರಳುವ ಅಥವಾ ಹಸಿವೇ ಇಲ್ಲದ ಮಗುವನ್ನು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು; ತಾಯಿಯೂ ಸುಮಾರು ಎರಡು ವಾರ ಜೊತೆಗಿರಬೇಕು. ಕೂಲಿಯನ್ನೂ ಮನೆಯಲ್ಲಿರುವ ಇತರ ಮಕ್ಕಳನ್ನೂ ಬಿಟ್ಟು ಬರುವುದು ಅವಳಿಗೆ ಸುಲಭವೆ? ಬೇರೆ ತೊಡಕುಗಳಿಲ್ಲದ ಮಕ್ಕಳಿಗೆ ಮನೆಯ ಬಳಿಯಲ್ಲಿಯೇ ಚಿಕಿತ್ಸೆ ನೀಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ 2007ರಲ್ಲಿ ಸಾರಿದುದು ಈ ದೃಷ್ಟಿಯಿಂದ ಮಹತ್ವದ್ದು.

ನಮ್ಮ ತರುಣ ವಾಚಕರು ತಮ್ಮೂರಿನ ಅಂಗನವಾಡಿಗೆ ಹೋಗಿ ಈ ಪಟ್ಟಿಯನ್ನೊಮ್ಮೆ ನೋಡಲಿ. ಅಳತೆಯಾದ ಮೇಲೆ ಮಗುವಿಗೆ ಚಿಕಿತ್ಸೆ ದೊರೆಯಿತೆ ಎಂಬುದನ್ನೂ ಕೇಳಲಿ.